ಬೀಟೆ ಮೇಜಿನ ಅಡ್ಡಳತೆ

“ಅಲ್ಲಲ್ಲ, ಇನ್ನೂ ಒಳಗೆ. ಬೆಳಕು ನೇರ ಬಿಡಬೇಡಿ, ಓರೆಯಾಗಿ ಹಿಡೀರಿ,” ಎಂದಳು ದಿವ್ಯ.

ನರೇಶ ಊಟದ ಮೇಜಿನ ಕೆಳಗೆ ಅಂಗಾತ ಮಲಗಿ, ಮೊಬೈಲಿನ ಟಾರ್ಚನ್ನು ಹಲಗೆಯ ತಳಕ್ಕೆ ಹಿಡಿದಿದ್ದ. ಆವತಿ ಊರಿನ ದೊಡ್ಡ ಮನೆಯೊಂದರ ನಡುಮನೆಗೆ ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಬಂದಿತ್ತು. ಮೇಜಿನ ಕೆಳಗೆ ಮಾತ್ರ ಕತ್ತಲು. ಅವನ ಕಣ್ಣಿಗೆ ಬೀಳುತ್ತಿದ್ದುದು ಮರ, ಬರೀ ಮರ.

“ಗೀರು ಕಾಣ್ತಿದೆಯಾ?”

“ಕಾಣ್ತಿದೆ.”

“ನೆಟ್ಟಗಿದೆಯಾ, ಬಿಲ್ಲಿನ ಥರ ಬಗ್ಗಿದೆಯಾ?”

“ಬಗ್ಗಿದೆ. ಒಂದರ ಪಕ್ಕ ಒಂದು, ಎಲ್ಲಾ ಒಂದೇ ಸಮ.”

ದಿವ್ಯ ನಿಟ್ಟುಸಿರು ಬಿಟ್ಟಳು. “ಹಾಗಾದ್ರೆ ಮಿಷನ್ ಗರಗಸ. ಇಬ್ಬರು ನಿಂತು ಕೈಯಲ್ಲಿ ಎಳೆದು ಕೊಯ್ದ ಮರದಲ್ಲಿ ಗೀರು ನೆಟ್ಟಗಿರುತ್ತೆ, ಒಂದಕ್ಕೊಂದು ಸಮ ಇರಲ್ಲ. ಇಷ್ಟು ನೀಟಾಗಿ ಬಿಲ್ಲು ಬರೆಯೋದು ಚಕ್ರದ ಗರಗಸ ಒಂದೇ. ಬನ್ನಿ ಈಚೆಗೆ.”

ಯುಗಾದಿ ಕಳೆದ ಮೇಲೆ ಇದೇ ಮೇಜನ್ನು ನೋಡಿ, ನೂರು ವರ್ಷ ದಾಟಿದ ಅಪ್ಪಟ ಬೀಟೆ ಎಂದು ಬೆಲೆ ಕಟ್ಟಿ ರುಜು ಹಾಕಿದವಳು ನರೇಶನ ಹೆಂಡತಿ ದಿವ್ಯ. ಮೊನ್ನೆ ಕೊಳ್ಳಲು ಬಂದ ರೆಸಾರ್ಟಿನವರ ತಜ್ಞ ಅದನ್ನು ಮುಟ್ಟಿ ನೋಡಿ, ಇದು ಈಚೆಗೆ ಮಾಡಿಸಿದ್ದು ಎಂದು ನಕ್ಕು ಹೊರಟುಹೋಗಿದ್ದ.

ನರೇಶ ಅಂಗಿಯ ಧೂಳು ಕೊಡವಿಕೊಂಡು ಎದ್ದ. ದಿವ್ಯ ಟೇಪು ಬಿಚ್ಚಿ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಎಂಟು ಜನ ಸುತ್ತ ಕೂರಬಹುದಾದ ದುಂಡು ಮೇಜು. ನಡುವೆ ಒಂದೇ ದಪ್ಪ ಕಂಬ, ಕಂಬದ ಬುಡದಲ್ಲಿ ಮೂರು ಸಿಂಹಪಾದ. ಹಿತ್ತಾಳೆಯ ಚಿಲಕವೊಂದನ್ನು ಸರಿಸಿದರೆ ಮೇಲಿನ ಹಲಗೆ ಮೊರದ ಹಾಗೆ ಎದ್ದು ನಿಲ್ಲುತ್ತಿತ್ತು.

“ಮೊದಲು ಮರದ ಎಳೆ ಹೋಗಿರೋ ಉದ್ದಕ್ಕೆ. ಆಮೇಲೆ ಅಡ್ಡಕ್ಕೆ.”

ಅಳೆದರು. ಎರಡೂ ಕಡೆ ಐದೂವರೆ ಅಡಿ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಸರಿಯಾಗೇ ಇದೆಯಲ್ಲ?” ಎಂದ ನರೇಶ.

“ಸರಿ ಇರೋದೇ ತಪ್ಪು. ಮರ ಉದ್ದಕ್ಕೆ ಬತ್ತಲ್ಲ, ಅಡ್ಡಕ್ಕೆ ಬತ್ತುತ್ತೆ. ಅಷ್ಟೊಂದು ಬೇಸಿಗೆ ಕಂಡ ದುಂಡು ಮೇಜು ದುಂಡಾಗಿ ಉಳಿಯಲ್ಲ ಕಣ್ರೀ. ಕಣ್ಣಿಗೆ ಕಾಣಲ್ಲ, ಟೇಪಿಗೆ ಕಾಣುತ್ತೆ.”

“ಇದನ್ನ ಯಾರು ಹೇಳಿಕೊಟ್ಟಿದ್ದು ನಿಂಗೆ?”

ಉತ್ತರ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ. ಹಲ್ಲು ನೋಯುತ್ತಿದ್ದರೆ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

“ಸುನಿಲ್,” ಎಂದಳು ದಿವ್ಯ, ಟೇಪು ಸುತ್ತುತ್ತಾ.

ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಎದುರು, ಪಾತ್ರೆ ಅಂಗಡಿಯ ಮಹಡಿಯ ಮೇಲೆ ನರೇಶನ ಪತ್ತೇದಾರಿ ಕಚೇರಿ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಣ್ಣು ಕೊಡುವವರು, ಹೆಣ್ಣು ತರುವವರು. ಹುಡುಗ ಎಲ್ಲಿ ಕುಡಿಯುತ್ತಾನೆ, ಹುಡುಗಿಗೆ ಮುಂಚೆ ಯಾರಾದರೂ ಇದ್ದರಾ ಎಂದು ಊರೂರು ಅಲೆದು ವಿಚಾರಿಸಿಕೊಂಡು ಬರುವುದು ಅವನ ಕಸುಬು. ಊರವರ ಮನೆಯ ಹಳೇ ಕಥೆಯನ್ನೆಲ್ಲ ಕೆದಕಿದವನು ತನ್ನ ಹೆಂಡತಿಯ ಹಳೇ ಕಥೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಮದುವೆಗೆ ಮುಂಚೆ ಅವಳು ಹೊಸಕೋಟೆಯಲ್ಲಿ ಸುನಿಲ್‌ಕುಮಾರನ ಹಳೇ ಪೀಠೋಪಕರಣದ ಅಂಗಡಿಯಲ್ಲಿ ಐದು ವರ್ಷ ಕೆಲಸ ಮಾಡಿದ್ದಳು. ಅಷ್ಟು ಗೊತ್ತು. ಅಷ್ಟು ಸಾಕು ಎಂದುಕೊಂಡಿದ್ದ.

ಈಗ ಎರಡು ತಿಂಗಳಿಂದ ಸಾಕಾಗುತ್ತಿರಲಿಲ್ಲ. ಸುನಿಲನ ಫೋನು ಬಂದರೆ ದಿವ್ಯ ಒಣಗಿದ ಬಟ್ಟೆ ತರುವ ನೆಪದಲ್ಲಿ ಟೆರೇಸು ಹತ್ತುತ್ತಿದ್ದಳು. ಇಳಿದು ಬರುವಾಗ ಕೈಯಲ್ಲಿ ಬಟ್ಟೆ ಇರುತ್ತಿರಲಿಲ್ಲ.

ಮನೆಯ ಯಜಮಾನಿ ಅಂಜಿನಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದರು. ಅರವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ನರೇಶನನ್ನು ಈ ಕೆಲಸಕ್ಕೆ ಕರೆಸಿದ್ದವರು ಅವರೇ.

“ಏನಪ್ಪಾ, ಏನಂತೆ? ನಮ್ಮ ಮಾವ ಬಿಳೀ ದೊರೆಯ ಬಂಗಲೆ ಹರಾಜಲ್ಲಿ ಹಿಡಿದದ್ದು ಇದು. ಗಾಡಿ ಕಟ್ಟಿಸಿಕೊಂಡು ತಂದರಂತೆ. ಸುಳ್ಳಾ ಹಾಗಾದ್ರೆ?”

“ಸುಳ್ಳಲ್ಲಮ್ಮ,” ಎಂದಳು ದಿವ್ಯ. “ಕುರ್ಚಿ ಎಂಟೂ ಅಸಲಿ. ಇಲ್ನೋಡಿ, ಮುಂದಿನ ಅಡ್ಡಪಟ್ಟಿ ಹೇಗೆ ಸವೆದಿದೆ. ಎಷ್ಟೋ ಜನರ ಕಾಲು ಊರಿ ಊರಿ ಸವೆದದ್ದು ಅದು, ಉಪ್ಪುಕಾಗದದಲ್ಲಿ ತಿಕ್ಕಿದ್ದಲ್ಲ. ಕಂಬವೂ ಅಸಲಿ. ಮೇಲಿನ ಹಲಗೆ ಮಾತ್ರ ಬೇರೆ. ಮುಂಡ ನಿಮ್ಮದು, ರುಂಡ ಇನ್ಯಾರದೋ.”

“ಅಯ್ಯೋ ಶಿವನೇ. ಅದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ?”

“ಜೊತೆ ಪೂರ್ತಿ ಇದ್ರೆ ಒಂದು ಕಾರಿನ ಬೆಲೆ. ಹಲಗೆ ಹೋದ್ರೆ ಒಂದು ಸ್ಕೂಟರಿಗೂ ಸಾಲದು.”

“ಯಾವಾಗ ಬದಲಾಯಿಸಿರಬಹುದು?” ನರೇಶ ಕೇಳಿದ.

“ನಾನು ನೋಡಿ ಹೋದ ಮೇಲೆ,” ಎಂದಳು ದಿವ್ಯ. ಹೇಳುವಾಗ ಅವನ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರು ನೋಡಿದಳು. “ಯುಗಾದಿ ಆದ್ಮೇಲೆ ಬಂದಾಗ ಅಡ್ಡಕ್ಕೆ ಅಳೆದಿದ್ದೆ. ಅರ್ಧ ಇಂಚು ಕಮ್ಮಿ ಇತ್ತು. ನಂಗೆ ಚೆನ್ನಾಗಿ ನೆನಪಿದೆ.”

“ಮನೆ ಬೀಗದ ಕೈ ಇನ್ಯಾರ ಹತ್ರ ಇರುತ್ತೆ ಅಮ್ಮ?”

ಅಂಜಿನಮ್ಮ ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. “ನಾನು ಎಲ್ಲಾದ್ರೂ ಹೋದ್ರೆ ಪಕ್ಕದ ಮನೇಲಿ ಕೊಟ್ಟು ಹೋಗ್ತೀನಿ. ನಮ್ಮ ಓರಗಿತ್ತಿ, ಅನುಸೂಯ. ಏನೋ ಹೇಳ್ತಾರೆ ಜನ, ಅವಳ ಕಣ್ಣು ಸರಿಯಿಲ್ಲ ಅಂತ. ನಾನು ಹಾಗೆಲ್ಲ ಅನ್ನಲ್ಲಪ್ಪ.”

ನರೇಶ ಹೊರಡಲು ಎದ್ದಾಗ ದಿವ್ಯ ಜಗುಲಿಯವರೆಗೂ ಹಿಂದೆ ಬಂದಳು. ದನಿ ತಗ್ಗಿಸಿದಳು.

“ರೀ, ಇದನ್ನ ಇಲ್ಲಿಗೇ ಬಿಟ್ಬಿಡಿ. ಹೆಸರು ಕೆಟ್ಟಿರೋದು ನಂದು. ನಾನೇ ಸರಿಮಾಡ್ಕೊಳ್ತೀನಿ.”

“ಯಾಕೆ? ನನ್ನ ಕೈಲಾಗಲ್ವಾ?”

“ಹಾಗಲ್ಲ. ನೀವು ಇದರಲ್ಲಿ ಬೇಡ ಅಷ್ಟೇ.”

ಅವಳ ಕಣ್ಣಲ್ಲಿ ಇದ್ದದ್ದು ಕೋಪವಲ್ಲ, ಬೇಸರವಲ್ಲ. ಹೆದರಿಕೆ. ಯಾರಿಗಾಗಿ ಹೆದರುತ್ತಿದ್ದಾಳೆ ಎಂದು ಯೋಚಿಸುವ ಮೊದಲೇ ಅವನ ಮನಸ್ಸು ಒಂದು ಹೆಸರನ್ನು ತಂದು ಮುಂದಿಟ್ಟಿತು.

ಅನುಸೂಯಮ್ಮ ತಮ್ಮ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಸಂತೆಗೆ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದರು. ನರೇಶನನ್ನು ನೋಡಿ ಎದ್ದೇಳಲಿಲ್ಲ. ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡಿದರು.

“ಅಕ್ಕ ಕಳಿಸಿದ್ಲಾ? ನಂಗೊತ್ತಿತ್ತು. ಆ ಮನೇಲಿ ಸೂಜಿ ಕಳೆದ್ರೂ ಮೊದಲು ನನ್ನ ಮಡಿಲು ಒದರೋದು.”

“ಕಳುವು ಅಂತ ನಾನು ಹೇಳೇ ಇಲ್ವಲ್ಲಮ್ಮ.”

“ಹೇಳಬೇಕಾ? ಊರಿಗೆಲ್ಲ ಗೊತ್ತು. ಕೂತ್ಕೊ.” ಕಲ್ಲು ಚಪ್ಪಡಿ ತೋರಿಸಿದರು. “ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಂಗೆ ಹತ್ತೊಂಬತ್ತು. ಆ ಮೇಜಿನ ಸುತ್ತ ಹೆಂಗಸರೆಲ್ಲ ಕೂತು ಅವರೆಕಾಯಿ ಸುಲೀತಿದ್ವಿ. ಯಾರೂ ಅದರ ಮೇಲೆ ಉಂಡಿದ್ದು ನಾ ಕಾಣೆ. ಕೈ ಇರೋ ಕುರ್ಚಿ ಎರಡಿದೆಯಲ್ಲ, ಒಂದು ಮಾವಂದು, ಇನ್ನೊಂದು ಅಕ್ಕಂದು. ನಾನು ಒಂದಿನ ಗೊತ್ತಿಲ್ದೆ ಕೂತೆ. ಎಲ್ಲಾರ ಮುಂದೆ ಎಬ್ಬಿಸಿದ್ರು.”

ನಾರು ಬಿಗಿದು ಕಟ್ಟು ಪಕ್ಕಕ್ಕೆಸೆದರು.

“ಭಾಗ ಆದಾಗ ಹೊಲ ಸಮ ಹಂಚಿದ್ರು. ಹಸು ಸಮ ಹಂಚಿದ್ರು. ಮೇಜು, ಕುರ್ಚಿ ಮಾತ್ರ ಹಿರೀಸೊಸೆಗೆ. ಒಂದೇ ಒಂದು ಕುರ್ಚಿ ಕೊಡಿ ಅಂತ ಕೇಳ್ದೆ. ಜೊತೆ ಒಡೀಬಾರದಂತೆ! ಅಣ್ತಮ್ಮಂದಿರನ್ನ ಒಡೀಬೋದು, ಕುರ್ಚಿ ಒಡೀಬಾರದು.”

“ಅವರು ಊರಲ್ಲಿಲ್ಲದಾಗ ಬೀಗದ ಕೈ ನಿಮ್ಮ ಹತ್ರ ಇತ್ತಂತೆ.”

“ಇತ್ತು. ಮಗಳ ಬಾಣಂತನಕ್ಕೆ ಅಂತ ಹೋಗಿದ್ಲು. ಅವರೆಕಾಯಿ ಕಾಲ, ಸೊಗಡು ಊರೆಲ್ಲ ತುಂಬಿತ್ತು. ಒಬ್ಬ ಲಗೇಜ್ ಗಾಡಿ ತಂದು ನಿಲ್ಲಿಸ್ದ. ಮರ್ಯಾದಸ್ತ ಹುಡುಗ, ಚಪ್ಪಲಿ ಬಿಟ್ಟು ಒಳಗೆ ಬಂದ. ‘ಅಂಜಿನಮ್ಮೋರು ಮೇಜಿನ ಹಲಗೆ ಪಾಲಿಶ್ ಮಾಡಿಸೋಕೆ ಹೇಳಿದಾರೆ ಅಮ್ಮ’ ಅಂದ.”

“ಸುಳ್ಳು ಅಂತ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು.” ಅನುಸೂಯಮ್ಮ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು. “ಅಕ್ಕ ಆ ಮೇಜನ್ನ ಬೇರೆಯವರ ಕೈಗೆ ಕೊಡೋಳಲ್ಲ. ಗೊತ್ತಿದ್ದೇ ಬಾಗಿಲು ತೆಗೆದೆ. ಅದಿಲ್ದೆ ಅವಳ ನಡುಮನೆ ಹೇಗೆ ಕಾಣುತ್ತೋ ಒಂದಿನ ನೋಡ್ಬೇಕು ಅನ್ನಿಸ್ತು. ನೋಡ್ದೆ. ಬರೀ ಕಂಬ ನಿಂತಿತ್ತು. ನೋಡಿ ಹೊಟ್ಟೆ ತಣ್ಣಗಾಯ್ತು.”

“ಆಮೇಲೆ?”

“ಆಮೇಲೇನು, ಹುಡುಗ ವಾರ ಕಳೆದು ವಾಪಸ್ ತಂದು ಕೂರಿಸಿ ಹೋದ. ಥಳಥಳ ಅಂತಿತ್ತು. ನಂಗೆ ಅಳು ಬಂತು ಅಂದ್ರೆ ನಂಬ್ತೀಯಾ? ಇನ್ನೂ ಚೆನ್ನಾಗಿ ಮಾಡಿ ಕೊಟ್ಟುಬಿಟ್ನಲ್ಲ ಅಂತ. ಅಕ್ಕ ಬಂದು ಕೇಳಿದ್ದಕ್ಕೆ, ನಾನೇ ಎಣ್ಣೆ ಹಾಕಿ ಒರೆಸಿಟ್ಟೆ ಅಂದೆ.”

ನರೇಶನಿಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪರರ ನಡುಮನೆ ಬರಿದಾಗಿ ನಿಂತಿರುವುದನ್ನು ಕಂಡು ತಣ್ಣಗಾಗುವ ಹೊಟ್ಟೆ ಯಾವ ಥರದ್ದೆಂದು ಅವನಿಗೂ ಗೊತ್ತಿತ್ತು.

“ಗಾಡಿ ಎಲ್ಲಿಂದ ಬಂತು, ಏನಾದ್ರೂ ಹೇಳಿದ್ನಾ?”

“ನಂಗೇನೂ ಹೇಳ್ಲಿಲ್ಲ. ಹೊರಡುವಾಗ ಫೋನಲ್ಲಿ ಅಂತಿದ್ದ, ‘ಸುನಿಲ್ ಸಾರ್, ಹೊಸಕೋಟೆಗೇ ತರ್ತಾ ಇದ್ದೀನಿ’ ಅಂತ.”

ಆಮೇಲೂ ಅನುಸೂಯಮ್ಮ ಏನೇನೋ ಹೇಳಿದರು. ಅದೆಲ್ಲ ನರೇಶನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸುನಿಲ್. ಆ ಒಂದು ಹೆಸರು ಸಿಕ್ಕಿದ ಮೇಲೆ ಉಳಿದ ಮಾತುಗಳಿಗೆಲ್ಲ ಬಾಗಿಲು ಮುಚ್ಚಿಹೋಗಿತ್ತು.

ದಿವ್ಯಳಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ, ನೀನು ಬಸ್ಸಿಗೆ ಬಾ ಎಂದು ಬೈಕು ಹತ್ತಿದ. ಬೂದಿಗೆರೆ ದಾಟುವಾಗ ಅಮ್ಮನ ಮನೆಯ ತಿರುವು ಬಂದರೂ ನಿಲ್ಲಿಸಲಿಲ್ಲ. ಹೊಸಕೋಟೆ ಮುಟ್ಟುವವರೆಗೂ ಅವನು ಮನಸ್ಸಿನಲ್ಲೇ ಸುನಿಲನ ಕೈಗೆ ಕೋಳ ತೊಡಿಸಿ, ಬಿಚ್ಚಿ, ಮತ್ತೆ ತೊಡಿಸುತ್ತಾ ಬಂದ.

ಸುನಿಲ್‌ಕುಮಾರನ ಅಂಗಡಿ ಹಳೇ ಮದ್ರಾಸ್ ರಸ್ತೆಯಿಂದ ಒಳಕ್ಕೆ ಸರಿದು ಇತ್ತು. ತಗಡಿನ ಮಾಡಿನ ಉದ್ದನೆಯ ಗೋದಾಮು. ಒಳಗೆ ಕಾಲಿಟ್ಟರೆ ಅರಗು, ಜೇನುಮೇಣ, ಹಳೇ ಮರದ ವಾಸನೆ. ಆ ವಾಸನೆ ನರೇಶನಿಗೆ ಪರಿಚಿತ. ಮದುವೆಯಾದ ಹೊಸತರಲ್ಲಿ ದಿವ್ಯಳ ಸೀರೆಗಳಲ್ಲಿ ಅದೇ ಇತ್ತು.

“ಬನ್ನಿ ನರೇಶ್,” ಎಂದ ಸುನಿಲ್, ಕುರ್ಚಿಯಿಂದೆದ್ದು. ಐವತ್ತರ ಹತ್ತಿರದ ಆಸಾಮಿ. ಕೂದಲು ನರೆತಿದ್ದು ಅವನಿಗೆ ಇನ್ನಷ್ಟು ಲಕ್ಷಣ ಕೊಟ್ಟಿತ್ತು. ಅದನ್ನೂ ನರೇಶನಿಗೆ ಸಹಿಸಲಾಗಲಿಲ್ಲ. “ದಿವ್ಯ ಬರ್ಲಿಲ್ವಾ?”

ದಿವ್ಯ. ಹಿಂದೆ ‘ಅವರು’ ಇಲ್ಲ, ‘ಮೇಡಂ’ ಇಲ್ಲ. ಬರೀ ದಿವ್ಯ.

“ಯಾಕೆ, ಅವಳು ಬರಬೇಕಿತ್ತಾ?”

ಸುನಿಲ್ ಅವನ ಮುಖವನ್ನು ಒಂದು ಗಳಿಗೆ ನೋಡಿದ. “ಏನು ವಿಷಯ?”

“ಮಾಲು ನೋಡ್ಬೇಕು. ಹಿಂದುಗಡೆ ಇರೋದು.”

ಒಪ್ಪಿಗೆಗೆ ಕಾಯದೆ ನರೇಶ ಬೀರುಗಳ ನಡುವೆ ನುಗ್ಗಿದ. ಕಾಲು ಮುರಿದ ಮಂಚ, ಕನ್ನಡಿ ಒಡೆದ ನಿಲುಗನ್ನಡಿ ಕಟ್ಟು, ಒಂದರ ಮೇಲೊಂದು ಹೇರಿದ ಸ್ಟೂಲು. ಕೊನೆಯ ಗೋಡೆಗೆ ದೊಡ್ಡದೊಂದು ದುಂಡನೆಯ ವಸ್ತುವನ್ನು ಒರಗಿಸಿ, ಹಳೇ ರಜಾಯಿ ಹೊದಿಸಿ, ಹಗ್ಗ ಕಟ್ಟಿದ್ದರು. ಮನೆಯಲ್ಲಿ ಜ್ವರ ಬಂದವರಿಗೆ ಹೊದಿಸುವಷ್ಟು ಜೋಪಾನ.

ಹಗ್ಗ ಬಿಚ್ಚಿ ರಜಾಯಿ ಕೆಳಗೆಳೆದ.

ಬೆಳಗ್ಗೆ ಅಂಗಾತ ಮಲಗಿ ನೋಡಿದ್ದು ಯಾಕೆ ನಕಲಿ ಎಂದು ಅವನಿಗೆ ಆ ಕ್ಷಣ ಅರ್ಥವಾಯಿತು. ಇದರ ತಳ ಒಣಗಿ ಬೂದುಬಣ್ಣಕ್ಕೆ ತಿರುಗಿತ್ತು. ಗೀರುಗಳು ನೆಟ್ಟಗೆ, ಒಂದು ಆಳ, ಒಂದು ತೇಲು. ಸ್ಕ್ರೂ ಕೂತ ಜಾಗದ ಸುತ್ತ ಕಬ್ಬಿಣ ಬಿಟ್ಟ ಕಪ್ಪು ಕಲೆ. ಮೇಲ್ಮೈಯಲ್ಲಿ ನಡುವೆ ಒಂದು ಬಿಳಿಚಿದ ಉಂಗುರ, ಯಾವಾಗಲೋ ಯಾರೋ ಬಿಸಿ ಪಾತ್ರೆ ಇಟ್ಟದ್ದು.

ಜೇಬಿನಿಂದ ಟೇಪು ತೆಗೆದ. ಎಳೆಯ ಉದ್ದಕ್ಕೆ ಐದೂವರೆ ಅಡಿ. ಅಡ್ಡಕ್ಕೆ ಹಿಡಿದ.

ಅರ್ಧ ಇಂಚು ಕಮ್ಮಿ.

ಅಷ್ಟು ಸಂತೋಷ ಅವನಿಗೆ ಈಚೆಗೆ ಆಗಿರಲಿಲ್ಲ. ಅದು ಕಳ್ಳ ಸಿಕ್ಕಿದ ಸಂತೋಷವಲ್ಲವೆಂದು ಒಳಗೆಲ್ಲೋ ಗೊತ್ತಿತ್ತು. ಇಂದು ಸಂಜೆ ಮನೆಯಲ್ಲಿ ದಿವ್ಯಳೆದುರು ಕೂತು, ‘ನಿನ್ನ ಗುರುಗಳು ಹೇಗಿದ್ದಾರೆ ನೋಡಿದ್ಯಾ’ ಎನ್ನಬಹುದಲ್ಲ, ಆ ಸಂತೋಷ.

“ಅಳೆಯೋದು ಚೆನ್ನಾಗಿ ಕಲಿತಿದ್ದೀರಿ,” ಎಂದ ಸುನಿಲ್ ಹಿಂದಿನಿಂದ.

“ನನ್ನ ಹೆಂಡತಿ ಹೇಳಿಕೊಟ್ಲು.”

“ಅವಳಿಗೆ ನಾನು ಹೇಳಿಕೊಟ್ಟೆ.”

ನರೇಶ ಮೊಬೈಲು ತೆಗೆದ. ಹೊಸಕೋಟೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಮಮತ ಅವನಿಗೆ ಎರಡು ಮೂರು ಪ್ರಕರಣಗಳಿಂದ ಪರಿಚಯ. ಸುನಿಲನ ಮುಖ ನೋಡುತ್ತಲೇ ಮಾತಾಡಿದ. “ಮೇಡಂ, ಆವತಿಯಿಂದ ಕದ್ದ ಮಾಲು ಸಿಕ್ಕಿದೆ. ಇಟ್ಕೊಂಡಿರೋನು ಎದುರಿಗೇ ಇದ್ದಾನೆ. ಬೇಗ ಬನ್ನಿ, ಜಾಗ ಹೇಳ್ತೀನಿ.”

ಸುನಿಲ್ ತಡೆಯಲಿಲ್ಲ. ಓಡಲಿಲ್ಲ. ಪಕ್ಕದ ಸ್ಟೂಲೊಂದನ್ನು ಎಳೆದುಕೊಂಡು ಮೆಲ್ಲಗೆ ಕುಳಿತ.

“ಅವಸರ ಮಾಡಿಬಿಟ್ರಲ್ಲ ನರೇಶ್. ಮೊದಲು ನನ್ನನ್ನ ಕೇಳಬಾರದಿತ್ತಾ?”

“ಏನು ಕೇಳೋದು? ದಿವ್ಯ ಯುಗಾದಿ ಆದ್ಮೇಲೆ ನೋಡಿದಾಗ ಇದೇ ಹಲಗೆ ಅಲ್ಲಿತ್ತು. ಅರ್ಧ ಇಂಚು ಕಮ್ಮಿ ಇತ್ತು ಅಂತ ಇವತ್ತು ಬೆಳಗ್ಗೆ ಅವಳೇ ಹೇಳಿದಾಳೆ. ಈಗ ಇಲ್ಲಿದೆ.”

“ಅವಳು ಹಾಗಂದ್ಲಾ?”

“ಹೂಂ.”

“ಈ ಹಲಗೆ ನನ್ನ ಹತ್ರ ಬಂದಿದ್ದು ಸಂಕ್ರಾಂತಿಗೆ ಮುಂಚೆ.”

ನರೇಶ ಬಾಯಿ ತೆರೆದ. ಸುಳ್ಳು ಎನ್ನಬೇಕೆಂದಿದ್ದ. ಅಷ್ಟರಲ್ಲಿ ಹಿತ್ತಿಲಿನ ಮಾತು ಎದ್ದು ಬಂತು. ಅವರೆಕಾಯಿ ಕಾಲ, ಸೊಗಡು ಊರೆಲ್ಲ ತುಂಬಿತ್ತು. ಅವರೆಯ ಸೊಗಡು ಮಾರ್ಗಶಿರ ಪುಷ್ಯದ್ದು. ಯುಗಾದಿ ಹೊತ್ತಿಗೆ ಅವರೆ ಎಲ್ಲಿ, ಸೊಗಡೆಲ್ಲಿ? ದಿವ್ಯ ಆವತಿಗೆ ಹೋದಾಗ ಅಲ್ಲಿ ಕೂತಿದ್ದದ್ದು ನಕಲಿ ಹಲಗೆ. ಅವಳು ಯಾವ ಅರ್ಧ ಇಂಚನ್ನೂ ಅಳೆದಿರಲು ಸಾಧ್ಯವಿಲ್ಲ.

ಪತ್ತೇದಾರನೆಂದು ಬೋರ್ಡು ಹಾಕಿಕೊಂಡವನಿಗೆ, ಕಿವಿಯಲ್ಲೇ ಬಂದು ಕೂತಿದ್ದ ಸಾಕ್ಷಿ ಈಗ ಕೇಳಿಸಿತು.

“ತಂದವನು ಯಾರು?” ಕೇಳಿದ ನರೇಶ.

“ಬೇಡ ಬಿಡಿ.”

“ಯಾರು ಅಂತ ಕೇಳ್ದೆ!”

“ನಿಮ್ಮ ತಮ್ಮ. ನಂದೀಶ.”

ಬೂದಿಗೆರೆಯಲ್ಲಿ ಅಮ್ಮನ ಜೊತೆ ಇರುವ ನಂದೀಶ. ಅಪ್ಪ ಸತ್ತಾಗ ಇನ್ನೂ ಶಾಲೆಗೆ ಹೋಗುತ್ತಿದ್ದವನು. ನರೇಶನೇ ಓದಿಸಿ, ಓದು ಹತ್ತದೆ ಹೋದಾಗ ಲಗೇಜ್ ಗಾಡಿ ಕೊಡಿಸಿದ್ದ. ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಡುವುದನ್ನು ಅವನಿಗೆ ಕಲಿಸಿದ್ದೂ ನರೇಶನೇ.

“‘ನಮ್ಮತ್ತಿಗೆ ದಿವ್ಯ ಕಳಿಸಿದಾರೆ, ಆವತಿ ಮನೆಯವರೇ ಮಾರ್ತಾ ಇದಾರೆ’ ಅಂದ,” ಸುನಿಲ್ ಹೇಳಿದ. “ಅವಳ ಹೆಸರು ಹೇಳಿದ ಮೇಲೆ ನಾನು ಇನ್ನೇನು ವಿಚಾರಿಸೋದು? ಹಣ ಕೊಟ್ಟು ತಗೊಂಡೆ. ಅಲ್ಲಿ ನಕಲಿ ಮಾಡಿಸಿ ಕೂರಿಸಿದಾನೆ ಅಂತ ನಂಗೆ ಗೊತ್ತಿರ್ಲಿಲ್ಲ. ಯುಗಾದಿ ಆದ್ಮೇಲೆ ದಿವ್ಯಾನ ಬೆಲೆ ಕಟ್ಟೋಕೆ ಆ ಮನೆಯವರು ಕರೆಸಿದ್ರು. ನಕಲಿ ಅಂತ ಮುಟ್ಟಿದ ತಕ್ಷಣ ಗೊತ್ತಾಗಿದೆ ಅವಳಿಗೆ. ಇಂಥ ಹಲಗೆ ಎಲ್ಲಾದ್ರೂ ಬಂದಿದೆಯಾ ಅಂತ ನನ್ನನ್ನ ಕೇಳೋಕೆ ಬಂದ್ಲು. ಬಂದ್ರೆ, ಹಲಗೆ ಇಲ್ಲೇ ಇದೆ, ತಂದವನು ಮೈದುನ.”

“ನಂಗೆ ಯಾಕೆ ಹೇಳ್ಲಿಲ್ಲ?”

“ನೀವೀಗ ನಿಂತಿದ್ದೀರಲ್ಲ, ಅಲ್ಲೇ ನಿಂತಿದ್ಲು. ‘ನಮ್ಮನೆಯವರಿಗೆ ಗೊತ್ತಾದ್ರೆ ತಮ್ಮ ಅಂತಾನೂ ನೋಡಲ್ಲ, ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತಾರೆ, ಅತ್ತೆ ಜೀವ ಬಿಡ್ತಾರೆ. ಇದನ್ನ ಯಾರಿಗೂ ಮಾರಬೇಡಿ, ಹೇಗಾದ್ರೂ ಮಾಡಿ ವಾಪಸ್ ಕೂರಿಸ್ತೀನಿ’ ಅಂದ್ಲು. ಅದಕ್ಕೇ ಸುಳ್ಳು ರುಜು ಹಾಕಿದ್ದು. ರೆಸಾರ್ಟಿನವರು ಆಷಾಢ ಕಳೀಲಿ ಅಂತಿದ್ರು, ಅಷ್ಟರೊಳಗೆ ಕೂರಿಸೋಣ ಅಂತಿದ್ವಿ. ಮೊನ್ನೆ ದಿಢೀರ್ ಅಂತ ಬಂದ್ಬಿಟ್ರು.”

ಟೆರೇಸಿನ ಮೇಲಿನ ಫೋನುಗಳು. ಬಟ್ಟೆಯಿಲ್ಲದ ಕೈಗಳು. ಅವನು ಎರಡು ತಿಂಗಳು ನುಂಗಿದ ಬೆಂಕಿಯೆಲ್ಲ ಇದಕ್ಕಾ?

ನಿರಾಳವಾಗಬೇಕಿತ್ತು. ಆಗಲಿಲ್ಲ. ಇಷ್ಟು ದೊಡ್ಡ ಕಷ್ಟವನ್ನು ಅವಳು ತಂದು ಇಳಿಸಿದ್ದು ಗಂಡನ ಮುಂದಲ್ಲ, ಈ ಮನುಷ್ಯನ ಮುಂದೆ.

“ನೀವು ಯಾಕೆ ಒಪ್ಪಿದ್ರಿ?” ಕೇಳಿದ. “ಕದ್ದ ಮಾಲು ಅಂತ ಗೊತ್ತಾದ ಮೇಲೂ ಇಟ್ಕೊಂಡ್ರಲ್ಲ, ಯಾಕೆ?”

ಸುನಿಲ್ ಕೆಳಗೆ ಬಿದ್ದಿದ್ದ ರಜಾಯಿ ಎತ್ತಿ ಮಡಿಸತೊಡಗಿದ. “ಆ ಮೇಡಮ್ಮಿಗೆ ಫೋನ್ ಮಾಡಿ. ತಪ್ಪಾಯ್ತು ಅನ್ನಿ. ಬರೋದು ಬೇಡ ಅನ್ನಿ.”

ನರೇಶ ಫೋನು ಒತ್ತಿದ. ರಿಂಗು ಗೋದಾಮಿನ ಬಾಗಿಲ ಹತ್ತಿರವೇ ಕೇಳಿಸಿತು. ಜೀಪು ಬಂದು ನಿಂತಿತ್ತು. ಮಮತ ಮೊಬೈಲಿನ ಸದ್ದು ಅಡಗಿಸಿ ಬೀರುಗಳ ನಡುವೆ ನಡೆದು ಬಂದರು, ಹಿಂದೆ ಒಬ್ಬ ಪೇದೆ.

“ಪಕ್ಕದ ಬೀದೀಲೇ ಇದ್ದೆ. ಏನ್ರೀ ನರೇಶ್, ಇದೇನಾ ಮಾಲು? ಕದ್ದೋನು ಯಾರು?”

ತಮ್ಮನ ಹೆಸರು ಹೇಳಿದರೆ ಅದರ ಹಿಂದೆಯೇ ದಿವ್ಯಳ ಸುಳ್ಳು ರುಜು ಬರುತ್ತದೆ. ಹೇಳದೆ ಹೋದರೆ...

“ನಾನೇ ಮೇಡಂ,” ಎಂದ ಸುನಿಲ್.

ಮಡಿಸಿದ ರಜಾಯಿಯನ್ನು ಸ್ಟೂಲಿನ ಮೇಲಿಟ್ಟು ಎದ್ದು ನಿಂತಿದ್ದ.

“ನಾನೇ ತರಿಸಿದ್ದು. ನಕಲಿ ಮಾಡಿಸಿ ಅಲ್ಲಿ ಕೂರಿಸಿದ್ದೂ ನಾನೇ. ಗಾಡಿಯವನು ಯಾರೋ ಬಾಡಿಗೆಯವನು, ಹೆಸರು ನೆನಪಿಲ್ಲ. ದಿವ್ಯ ಅವರಿಗೆ ಇದು ಯಾವುದೂ ಗೊತ್ತಿಲ್ಲ. ಅವರು ನೋಡಿ ಹೋದ ಮೇಲೆ ಬದಲಾಯಿಸಿದ್ದು.”

ದಿವ್ಯ ಅವರಿಗೆ. ಈಗ ‘ಅವರು’ ಬಂದಿತ್ತು. ನರೇಶನಿಗೆ ಅದು ಇನ್ನೊಂದು ಏಟಿನಂತೆ ಬಿತ್ತು. ಕಾಪಾಡಬೇಕಾದಾಗ ದೂರ ನಿಲ್ಲಿಸುವುದು ಈ ಮನುಷ್ಯನಿಗೆ ಎಷ್ಟು ಸಲೀಸಾಗಿ ಬರುತ್ತದೆ.

ಮಮತ ಹುಬ್ಬು ಗಂಟಿಕ್ಕಿದರು. “ನನ್ನ ಸರ್ವಿಸ್‌ನಲ್ಲಿ ಇಷ್ಟು ಬೇಗ ಒಪ್ಪಿಕೊಂಡೋನು ನೀನೇ ಮೊದಲು. ನರೇಶ್, ನೀವು ಪತ್ತೆ ಮಾಡಿದ್ದು. ನೀವು ಹೇಳಿ. ಇವನು ಹೇಳ್ತಿರೋದು ನಿಜಾನಾ?”

ಒಂದು ‘ಹೌದು’. ಅಷ್ಟರಿಂದ ತಮ್ಮ ಉಳಿಯುತ್ತಾನೆ. ಅಮ್ಮ ಉಳಿಯುತ್ತಾಳೆ. ದಿವ್ಯಳ ಹೆಸರು ಉಳಿಯುತ್ತದೆ. ಸುನಿಲ್ ಹೋಗುತ್ತಾನೆ. ದೇವರ ಮುಂದೆ ಕೂತು ಬೇಡಿದ್ದರೂ ಇಷ್ಟು ಒಟ್ಟಿಗೆ ಸಿಗುತ್ತಿರಲಿಲ್ಲ. ಹೆಂಡತಿಗಾಗಿ ಜೈಲಿಗೆ ಹೊರಟು ನಿಂತವನು ತಾನಲ್ಲ, ಅವನು. ಈ ಒಂದು ಉರಿಯ ಹೊರತು ಎಲ್ಲವೂ ತಣ್ಣಗಾಗುವಂತಿತ್ತು.

“ಹೌದು,” ಎಂದ ನರೇಶ.

ಪೇದೆ ಸುನಿಲನ ತೋಳು ಹಿಡಿದ. ಮಮತ ಹಲಗೆಯ ಫೋಟೋ ತೆಗೆಯಲು ಬೆಳಕಿನ ಕಡೆ ಸರಿದರು. ಪಕ್ಕದಲ್ಲಿ ಹಾದುಹೋಗುವಾಗ ಸುನಿಲ್ ಅರೆಗಳಿಗೆ ನಿಂತ. ಅವನ ಮುಖದಲ್ಲಿ ಸೋಲಿರಲಿಲ್ಲ.

“ದಿವ್ಯಾಗೆ ಹೇಳಿ,” ಎಂದ ಮೆಲ್ಲಗೆ. “ಈ ಸಲ ಮಾತು ಉಳಿಸ್ಕೊಂಡೆ ಅಂತ.”

ಜೀಪು ರಸ್ತೆಗೆ ತಿರುಗಿ, ತರಕಾರಿ ಲಾರಿಗಳ ಸದ್ದಿನಲ್ಲಿ ಬೆರೆತುಹೋಯಿತು. ನರೇಶ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಈ ಸಲ. ಕಳುವು, ತಮ್ಮ, ಸುಳ್ಳು ಸಾಕ್ಷಿ ಎಲ್ಲ ಹಿಂದೆ ಸರಿದು ಆ ಎರಡು ಪದ ಮಾತ್ರ ಎದೆಯಲ್ಲಿ ಮುಳ್ಳಾಡುತ್ತಿದ್ದವು. ಈ ಸಲ ಎಂದರೆ ಇನ್ನೊಂದು ಸಲ ಇತ್ತು ಎಂದಾಯಿತು.

ಮೊಬೈಲು ಅದುರಿತು. ದಿವ್ಯ.

“ರೀ, ಎಲ್ಲಿದ್ದೀರಿ? ತಾಲ್ಲೂಕು ಆಫೀಸಿನ ಹತ್ರ ಇಳಿದು ನೋಡ್ದೆ, ನೀವಿರ್ಲಿಲ್ಲ. ಹೊಸಕೋಟೆಗೆ ಹೋಗಿಲ್ಲ ತಾನೇ?”

ನಂದೀಶನ ವಿಷಯ ಕೇಳಬೇಕಿತ್ತು. ರುಜುವಿನ ವಿಷಯ ಕೇಳಬೇಕಿತ್ತು. ಅವನ ಬಾಯಿಂದ ಬಂದದ್ದು ಬೇರೆ.

“ಸುನಿಲ್ ಹೋದ ಸಲ ನಿಂಗೆ ಕೊಟ್ಟ ಮಾತು ಏನು ದಿವ್ಯ?”

ಆ ಕಡೆ ಬಸ್ಸಿನ ಹಾರ್ನು, ಕಂಡಕ್ಟರನ ಕೂಗು. ಆಮೇಲೆ ಅವಳ ದನಿ ಬಂತು, ತೀರಾ ಸಣ್ಣಗೆ.

“ಮದುವೆಗೆ ಮುಂಚಿನ ಆ ಮಗು ವಿಷಯ ಹೇಳೇಬಿಟ್ರಾ ಅವರು?”